ಮೂರು ದಿನದ ಬಿಸಿಲು

ಇವತ್ತು ಶುಕ್ರವಾರ, ರಜೆ. ಕುವೈತಿನ ಮಹಬೂಲಾದ ನಮ್ಮ ಫ್ಲ್ಯಾಟಿನಲ್ಲಿ ಸುಮತಿ ಸ್ಟೂಲು ಹತ್ತಿ ಅಡುಗೆಮನೆಯ ಮೇಲಿನ ಕಪಾಟು ಖಾಲಿ ಮಾಡುತ್ತಿದ್ದಳು. ನಾನು ಕೆಳಗೆ ನಿಂತು ಸ್ಟೂಲು ಹಿಡಿದಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಅಡುಗೆಮನೆಯಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ಹುದ್ದೆ ಅದು. ಹಿಂದಿನ ಮೂಲೆಯಿಂದ ಅವಳೊಂದು ಗಾಜಿನ ಬಾಟ್ಲಿ ತೆಗೆದು ನನ್ನ ಕೈಗಿಟ್ಟಳು. ಮುಚ್ಚಳ ಸಡಿಲವಾಗಿತ್ತು. ಹುಳಿಯೂ ಉಪ್ಪೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು.

ಬಾಟ್ಲಿ ನಮ್ಮದೇ. ಒಳಗಿನ ಹಣ್ಣು ಜಪಾನಿನದ್ದು. ಕಥೆ 1990ರ ಜುಲೈ ಕೊನೆಯದ್ದು.

ಆಗ ನಾನಿದ್ದದ್ದು ಪಂಪುಗಳನ್ನು ತರಿಸಿ ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಒದಗಿಸುವ ಒಂದು ಸಣ್ಣ ಕಂಪೆನಿಯಲ್ಲಿ. ಒಸಾಕಾದಲ್ಲಿ ತಯಾರಾದ ಪಂಪನ್ನು ಹಡಗಿಗೆ ಹಾಕುವ ಮೊದಲು ಒಬ್ಬರು ಹೋಗಿ ಪರೀಕ್ಷಿಸಿ ಸಹಿ ಹಾಕಬೇಕು. ಹೋಗಬೇಕಾದ ಎಂಜಿನಿಯರಿಗೆ ಜ್ವರ ಬಂತು. ನಮ್ಮ ಕಫೀಲ್, ಅಂದರೆ ಕಂಪೆನಿಯ ಅರಬಿ ಧಣಿ, ನನ್ನ ಕಡೆ ಬೆರಳು ತೋರಿಸಿ "ಯಲ್ಲಾ, ನೀನು ಹೋಗು" ಅಂದರು. ಮಂಗಳೂರು, ಬೊಂಬಾಯಿ, ಕುವೈತ್ ಬಿಟ್ಟು ಬೇರೇನೂ ಕಾಣದ ನಾನು ಸೀದಾ ಜಪಾನಿಗೆ!

ಸುಮತಿ ಊರಿಂದ ತಂದಿದ್ದ ಮಿಡಿ ಉಪ್ಪಿನಕಾಯಿಯನ್ನು ಬಾಟ್ಲಿಗೆ ತುಂಬಿಸಿ ಕೊಟ್ಟಳು. "ಅಷ್ಟು ದೂರ ಹೋಗುವಾಗ ಕೈ ಬೀಸಿಕೊಂಡು ಹೋಗುದಾ?" ಇನ್ನೊಬ್ಬರ ಮನೆಗೆ ಏನಾದರೂ ಕಳಿಸದೆ ಅವಳಿಗೆ ನಿದ್ದೆ ಬಾರದು. ಮೇಲಿನ ಮಹಡಿಯಲ್ಲಿ ಹಮೀದಾಕ ಇದ್ದರು. ಉಳ್ಳಾಲದ ಬ್ಯಾರಿ, ನಮ್ಮ ಆಫೀಸಿಗೆ ಪರದೇಶದ ಸಂದೇಶ ತರುವ ಟೆಲೆಕ್ಸ್ ಯಂತ್ರದ ಒಡೆಯ, ಹೆಂಡತಿ ಮಕ್ಕಳು ಊರಲ್ಲಿ. ಅವರಿಗೆ ವಾರಕ್ಕೆರಡು ಸಲ ಇವಳ ಬಂಗುಡೆ ಸಾರು ಹೋಗುತ್ತಿತ್ತು. ಪಾತ್ರೆಯನ್ನು ಅವರು ಒಮ್ಮೆಯೂ ಖಾಲಿ ಹಿಂದೆ ಕೊಟ್ಟವರಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಖರ್ಜೂರವಾದರೂ ಅದರಲ್ಲಿ ಇರುತ್ತಿತ್ತು.

ಒಸಾಕಾದ ಕಾರ್ಖಾನೆಯಲ್ಲಿ ನನ್ನನ್ನು ನೋಡಿಕೊಂಡವರು ಮೋರಿ ಸಾನ್. ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ಬಾಟ್ಲಿ ಕೊಟ್ಟಾಗ ನಾನು ಅದನ್ನು ತಿನ್ನುವ ಕ್ರಮ ಹೇಳಲು ಮರೆತೆ. ಆ ಪುಣ್ಯಾತ್ಮರು ಒಂದಿಡೀ ಮಿಡಿಯನ್ನು ಹಣ್ಣು ತಿಂದ ಹಾಗೆ ಬಾಯಿಗೆ ಹಾಕಿಕೊಂಡರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ಆದರೂ ಉಗಿಯಲಿಲ್ಲ ಮಾರಾಯ್ರೆ! ನುಂಗಿ, ಬಗ್ಗಿ ನಮಸ್ಕರಿಸಿ, "ಬಹಳ ರುಚಿ" ಅಂದರು.

ಮಂಗಳವಾರಕ್ಕೆ ಕೆಲಸ ಖಲಾಸ್. ಪಂಪು ಪಾಸು. ಬುಧವಾರ ನನ್ನ ವಿಮಾನ. ಆಗ ಮೋರಿ ಸಾನ್ ತಲೆ ಕೆರೆದುಕೊಂಡು ಹೇಳಿದರು: "ಬಾಟ್ಲಿಯನ್ನು ಖಾಲಿ ಹೇಗೆ ಕೊಡುವುದು ಅಂತ ನನ್ನ ಹೆಂಡತಿಗೆ ಚಿಂತೆ. ಉಪ್ಪಿನಲ್ಲಿಟ್ಟ ಹುಳಿ ಹಣ್ಣು ಉಂಟು, ಇವತ್ತು ಬಿಸಿಲಿಗೆ ಹಾಕಿದ್ದಾಳೆ. ಮೂರು ದಿನ ಒಣಗಬೇಕು. ಗುರುವಾರ ಸಂಜೆ ಮನೆಗೆ ಊಟಕ್ಕೆ ಬರುವಿರಾ?"

ಹಣ್ಣು ಒಂದು ನೆಪ. ನನಗೆ ಊರು ಸುತ್ತುವ ಆಸೆ. ಟಿಕೇಟನ್ನು ಶುಕ್ರವಾರಕ್ಕೆ ಬದಲಿಸಿ ಸುಮತಿಗೆ ಫೋನು ಮಾಡಿದೆ. "ಒಂದು ಟೆಸ್ಟ್ ಬಾಕಿ ಉಂಟು" ಅಂದೆ. ಅವಳ ಹತ್ತಿರ ಹೇಳಿದ ಮೊದಲ ಸುಳ್ಳು. "ಕೆಲಸ ಮುಗಿಸಿಯೇ ಬನ್ನಿ, ಅರ್ಧಕ್ಕೆ ಬಿಡ್ಬೇಡಿ" ಅಂದಳು ಪಾಪ.

ಬುಧವಾರ ಕ್ಯೋಟೋ ನೋಡಿದೆ. ಗುರುವಾರ ನಾರಾ. ಅಲ್ಲಿ ಜಿಂಕೆಗಳು ಬಿಸ್ಕತ್ತಿಗಾಗಿ ತಲೆ ಬಾಗಿಸುತ್ತವೆ. ನಾನೂ ತಿರುಗಿ ನಮಸ್ಕಾರ ಮಾಡಿದೆ, ಒಂದು ರೀಲು ಪೂರ್ತಿ ಫೋಟೋ ತೆಗೆದೆ. ಸಂಜೆ ಕುಣಿಯುತ್ತಾ ಮೋರಿ ಸಾನ್ ಮನೆಗೆ ಹೋದರೆ, ಟೀವಿಯಲ್ಲಿ ಒಂದು ನಕ್ಷೆ. ಅಕ್ಷರ ಓದಲು ಬರದಿದ್ದರೂ ಆ ಮೂಲೆ ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆಳಗ್ಗೆಯೇ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತ್ತು.

ಫೋನು ಹತ್ತಲಿಲ್ಲ. ಆ ಮನೆಯ ಫೋನಿನಲ್ಲಿ ಎಷ್ಟು ಸಲ ತಿರುಗಿಸಿದೆನೋ. ಹೊರಡುವಾಗ ಮೋರಿ ಸಾನ್ ಹೆಂಡತಿ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅತ್ತದ್ದು ನಾನೋ ಅವರೋ ನೆನಪಿಲ್ಲ.

ಬೊಂಬಾಯಿಗೆ ಬಂದು ಒಂದೂವರೆ ತಿಂಗಳು ನಾನು ನಾನಾಗಿರಲಿಲ್ಲ. ಬುಧವಾರವೇ ಹೊರಟಿದ್ದರೆ ಸುಮತಿಯ ಜೊತೆಗಾದರೂ ಇರುತ್ತಿದ್ದೆ. ಜಿಂಕೆಗೆ ಬಿಸ್ಕತ್ತು ಹಾಕುತ್ತಿದ್ದೆನಲ್ಲ, ಥೂ! ಕೊನೆಗೊಂದು ದಿನ ಜೋರ್ಡಾನಿನ ಅಮ್ಮಾನಿನಿಂದ ಬಂದ ವಿಮಾನದಲ್ಲಿ ಸುಮತಿ, ಹಮೀದಾಕ ಇಬ್ಬರೂ ಇಳಿದರು. ಹಮೀದಾಕ ಅವಳನ್ನು ಬಸ್ಸು, ಲಾರಿ, ಡೇರೆಗಳನ್ನು ದಾಟಿಸಿ ಕರೆತಂದಿದ್ದರು. ಕೇಳಿದವರಿಗೆಲ್ಲ "ನನ್ನ ತಂಗಿ" ಅಂದಿದ್ದರಂತೆ. ನನ್ನ ಕೈ ಹಿಡಿದು, "ತಕ್ಕೊಳ್ಳಿ, ನಿಮ್ಮ ಸಾಮಾನು ಸರಿ ಉಂಟಾ ನೋಡಿ" ಎಂದು ನಕ್ಕರು. ಸುಮತಿ ಕರಗಿ ಅರ್ಧವಾಗಿದ್ದಳು. ಅವಳ ಮೊದಲ ಮಾತು: "ಟೆಸ್ಟ್ ಮುಗೀತಾ?"

"ಮುಗೀತು" ಅಂದೆ. ಅಲ್ಲಿಗೆ ಸುಳ್ಳು ಗಟ್ಟಿಯಾಯಿತು.

ಯುದ್ಧ ಮುಗಿದು, 91ರ ಕೊನೆಗೆ ನಾವು ಕುವೈತಿಗೆ ತಿರುಗಿ ಬಂದೆವು. ಹಮೀದಾಕ ಬರಲಿಲ್ಲ, ಉಳ್ಳಾಲದಲ್ಲೇ ಅಂಗಡಿ ಇಟ್ಟರು. ಬಾಟ್ಲಿ ನಮ್ಮ ಜೊತೆ ಮನೆಯಿಂದ ಮನೆಗೆ ಬಂತು. ಬಿಸಾಡಲು ಮನಸ್ಸಿಲ್ಲ, ತಿನ್ನಲು ಧೈರ್ಯವಿಲ್ಲ. ಫೋಟೋ ರೀಲನ್ನು ತೊಳೆಯಿಸಲೂ ಇಲ್ಲ. ಜಪಾನಿನ ಬಗ್ಗೆ ಯಾರಾದರೂ ಕೇಳಿದರೆ "ಕೆಲಸದಲ್ಲಿ ಏನೂ ನೋಡಲಿಕ್ಕಾಗಲಿಲ್ಲ" ಅನ್ನುವುದೇ ರೂಢಿಯಾಯಿತು.

ಇವತ್ತು ಸ್ಟೂಲು ಹಿಡಿದುಕೊಂಡೇ ಹೇಳಿಬಿಟ್ಟೆ. "ಸುಮತೀ, ಅವತ್ತು ಟೆಸ್ಟ್ ಎಂತದ್ದೂ ಬಾಕಿ ಇರಲಿಲ್ಲ."

ಅವಳು ಕಪಾಟು ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು. ಪಂಪು ಪಾಸು ಅಂತ ಟೆಲೆಕ್ಸ್ ಬಂದದ್ದನ್ನು ಹಮೀದಾಕ ಮಂಗಳವಾರವೇ ಹೇಳಿದ್ರು."

"ಮತ್ತೆ ಇಷ್ಟು ವರ್ಷ..."

"ಮರುಭೂಮಿ ಇಡೀ ನಿಮಗೆ ಬೈದುಕೊಂಡೇ ಬಂದೆ. ನೀರಿಲ್ಲದಾಗ ಬೈದೆ, ಚೆಕ್‌ಪೋಸ್ಟಿನಲ್ಲಿ ಬೈದೆ. ಬೈಯಲಿಕ್ಕೆ ಒಬ್ಬರು ಎಲ್ಲಿಯೋ ಹೊಟ್ಟೆ ತುಂಬ ಉಂಡು ಸುಖವಾಗಿದ್ದಾರೆ ಅಂತಲೇ ನನಗೆ ಧೈರ್ಯ. ನೀವೂ ಅಲ್ಲೇ ಇದ್ದಿದ್ರೆ ಹೆದರಿಯೇ ಸಾಯ್ತಿದ್ದೆ."

ಕೆಳಗಿಳಿದು ನನ್ನ ಕೈಯಿಂದ ಬಾಟ್ಲಿ ತೆಗೆದುಕೊಂಡಳು. ಸುಕ್ಕುಗಟ್ಟಿದ ಒಂದು ಹಣ್ಣನ್ನು ಎರಡು ಭಾಗ ಮಾಡಿ, ಅರ್ಧ ನನಗೆ ಕೊಟ್ಟು, ಅರ್ಧ ತಾನು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು. ಉಗಿಯಲಿಲ್ಲ.

"ಈಗಾದ್ರೂ ಹೇಳಿ ಮಾರಾಯ್ರೆ," ಅಂದಳು, ಸ್ಟೂಲಿನ ಮೇಲೆ ಕೂತು. "ಅಲ್ಲಿ ಎಂತೆಲ್ಲ ನೋಡಿದ್ರಿ?"

ನಾನು ಕೆಳಗೆ ನೆಲದಲ್ಲಿ ಕೂತೆ. "ನಾರಾ ಅಂತ ಒಂದು ಊರುಂಟು," ಎಂದು ಶುರುಮಾಡಿದೆ. "ಅಲ್ಲಿ ಜಿಂಕೆಗಳು ನಮಸ್ಕಾರ ಮಾಡ್ತವೆ."