ಮೂರೇ ಜನ ಸಾಕು ಎಂದಾಕೆ

ಯಾರಾದರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ತಿಳಿದರೆ ಸಾಕು, ಆಕೆಯ ಕತ್ತಿನ ಮೇಲೆ ಕೆಂಪಗೆ ಗಂಧೆಗಳು ಏಳುತ್ತಿದ್ದವು. ಮೊದಲು ಕೊರಳ ಗುಳಿಯಲ್ಲಿ ಒಂದು, ಆಮೇಲೆ ನಾಲ್ಕೈದು, ನೋಡುನೋಡುತ್ತಿದ್ದಂತೆ ಕಿವಿಯ ಬುಡದವರೆಗೂ. ಸೆರಗೆಳೆದು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿಕೊಂಡಷ್ಟೂ ಜನ ನೋಡುತ್ತಿದ್ದರು.

ಐವತ್ತರ ದಶಕದ ನಡುವಿನಲ್ಲಿ ನಾವು ಬಿ.ಎಸ್‌ಸಿ. ಓದಿದೆವು. ತರಗತಿಯಲ್ಲಿ ಹುಡುಗಿಯರು ಐದೇ ಮಂದಿ. ಅವರು ತಮ್ಮ ಕೋಣೆಯಲ್ಲಿ ಕಾದಿದ್ದು, ಮೇಷ್ಟ್ರು ಬಂದಾಗ ಅವರ ಬೆನ್ನ ಹಿಂದೆ ಸಾಲಾಗಿ ಒಳಗೆ ಬರಬೇಕಿತ್ತು. ಪಾಠ ಮುಗಿದ ಮೇಲೆ ಹಾಗೇ ಅವರ ಹಿಂದೆ ಹೊರಟುಹೋಗಬೇಕು. ಅವರು ನಡೆಯುವ ಲಯಕ್ಕೆ ಸರಿಯಾಗಿ ಹುಡುಗರು ಬೆಂಚಿನ ಕೆಳಗೆ ಕಾಲು ಕುಟ್ಟುತ್ತಿದ್ದರು. ಸಾಲಿನ ಕೊನೆಯಲ್ಲಿ ಬರುತ್ತಿದ್ದ ಆಕೆ ಒಂದು ದಿನ ಹೆಜ್ಜೆ ತಪ್ಪಿ ಮೇಷ್ಟ್ರ ಮೇಜಿಗೆ ಮುಗ್ಗರಿಸಿದಳು. ಅವತ್ತು ಕಾಲು ಕುಟ್ಟಿದವರಲ್ಲಿ ನಾನೂ ಒಬ್ಬ. ಸುಳ್ಳು ಹೇಳಿ ಪ್ರಯೋಜನವಿಲ್ಲ.

ನಾನು ಯಡಿಯೂರಿನವನು. ನಮ್ಮಪ್ಪ ಸೊಪ್ಪು, ಮೂಲಂಗಿ ಬೆಳೆದು ಮಾರ್ಕೆಟ್ಟಿಗೆ ಹೊರುತ್ತಿದ್ದವರು. ಬೆಳಗಿನ ಜಾವ ಕೆರೆಯಲ್ಲಿ ಮೂಲಂಗಿ ತೊಳೆದು, ಮಂಕರಿ ಹೊತ್ತು ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ಹಾಗೇ ಕಾಲೇಜಿಗೆ ನಡೆದವನು ನಾನು. ನಮ್ಮ ಬೀದಿಯಲ್ಲಿ ಪದವಿ ಅಂತ ಪಡೆದವರಲ್ಲಿ ನಾನೇ ಮೊದಲಿಗ. ಈ ಮಾತನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳುತ್ತೇನೆಂದು ಮನೆಯಲ್ಲಿ ನಗುತ್ತಾರೆ. ನಗಲಿ. ಆದರೆ ಇದರಿಂದಲೇ ನಾನು ಕಳೆದುಕೊಂಡದ್ದೂ ಇದೆ, ಅದನ್ನು ಯಾರಿಗೂ ಹೇಳಿರಲಿಲ್ಲ.

ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಇಬ್ಬರಿಗೊಂದು ಮೈಕ್ರೋಸ್ಕೋಪು. ನನ್ನ ಜೊತೆಗೆ ಆಕೆ ಬಂದಳು. ಒಂದು ತಿಂಗಳು ಮಾತೇ ಇಲ್ಲ. ಆಮೇಲೆ ಒಂದು ದಿನ, ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿಟ್ಟುಕೊಂಡೇ, "ನಿಮ್ಮ ಕೈಯಲ್ಲಿ ಮೂಲಂಗಿ ವಾಸನೆ ಬರುತ್ತೆ. ಬೆಳಿಗ್ಗೆ ಹೊತ್ತು ಈ ವಾಸನೆ ನನಗೆ ಇಷ್ಟ" ಎಂದಳು. ನಾನು ಕೈಯನ್ನು ಹಿಂದಕ್ಕೆಳೆದುಕೊಂಡೆ. "ಯಾಕೆ ಬಚ್ಚಿಡ್ತೀರಿ? ಬಚ್ಚಿಡೋದು ನನ್ನ ಕೆಲಸ" ಎಂದಳು. ಕತ್ತು ನೋಡಿದೆ, ಒಂದು ಗಂಧೆಯೂ ಇರಲಿಲ್ಲ.

ಹೀಗೆ ಗುಟ್ಟು ತಿಳಿಯಿತು. ಮುಖ ಕಾಣದಿದ್ದರೆ ಆಕೆಗೆ ಮಾತು ಬರುತ್ತಿತ್ತು, ಬಹಳ ಚೆನ್ನಾಗಿಯೇ ಬರುತ್ತಿತ್ತು. ಎರಡು ವರ್ಷ ನಾವು ಆಡಿದ ಮಾತೆಲ್ಲ ಆ ಗಾಜಿನ ಮೂಲಕವೇ. ಈರುಳ್ಳಿ ಸಿಪ್ಪೆಯ ಕೋಶಗಳನ್ನು ನೋಡುತ್ತ ಮೇಷ್ಟ್ರನ್ನು ಅಣಕಿಸುತ್ತಿದ್ದಳು, ನನ್ನ ಇಂಗ್ಲಿಷನ್ನು ತಿದ್ದುತ್ತಿದ್ದಳು. ಕೊನೆಯ ಪರೀಕ್ಷೆಯ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೂರು ಪ್ರಶ್ನೆ ಕೇಳಿದರೂ ಬಾಯಿ ಬಿಡಲಿಲ್ಲ. "ಬೋರ್ಡಿನ ಮೇಲೆ ಬರೆದು ತೋರಿಸಲಿ ಸಾರ್" ಎಂದು ನಾನು ಪಕ್ಕದ ಮೇಜಿನಿಂದ ಅಂದೆ. ಬೈಸಿಕೊಂಡೆ. ಆದರೂ ಬಿಟ್ಟರು. ಅವರಿಗೆ ಬೆನ್ನು ತಿರುಗಿಸಿ ಬೋರ್ಡಿನ ಮುಂದೆ ನಿಂತಳೋ ಇಲ್ಲವೋ, ಮಾತು ನಲ್ಲಿಯ ನೀರಿನ ಹಾಗೆ ಬಂತು. ಪರೀಕ್ಷಕರು ಗಡಿಯಾರ ನೋಡಿ "ಸಾಕಮ್ಮ, ಸಾಕು" ಎನ್ನಬೇಕಾಯಿತು.

ಪದವಿ ಬಂದ ವಾರವೇ ನಾನು ಬಸವನಗುಡಿಯ ಆಕೆಯ ಮನೆಗೆ ಹೆಣ್ಣು ಕೇಳಲು ಹೋದೆ. ಜಾತಿ ಬೇರೆ ಎಂಬುದು ಗೊತ್ತಿತ್ತು. ಆದರೆ ಪದವಿಯ ಕಾಗದ ಕೈಯಲ್ಲಿದ್ದಾಗ ಯಾವ ಬಾಗಿಲಾದರೂ ತೆರೆಯುತ್ತದೆ ಎಂದುಕೊಂಡಿದ್ದೆ. ಆಕೆಯ ತಂದೆ ಗಲಾಟೆ ಮಾಡಲಿಲ್ಲ. ದೊಡ್ಡಪ್ಪ, ಚಿಕ್ಕಪ್ಪಂದಿರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಮಗಳನ್ನು ಕರೆದು, "ಇವರು ಹೇಳ್ತಿರೋದಕ್ಕೆ ನಿನ್ನ ಒಪ್ಪಿಗೆ ಉಂಟೋ?" ಎಂದು ಕೇಳಿದರು. ಕತ್ತು ಕೆಂಪಾಯಿತು. ತುಟಿ ಅಲುಗಲಿಲ್ಲ. "ನೋಡಿದ್ರಲ್ಲಪ್ಪ" ಎಂದರು ನನಗೆ. ನಾನು ನೋಡಿದೆ, ಎದ್ದು ಬಂದೆ. ಮುಖ ಕಾಣುತ್ತಿದ್ದರೆ ಆಕೆಗೆ ಮಾತು ಹೊರಡುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಬೀದಿಗೆ ಬರುವ ಹೊತ್ತಿಗೆ, ನನ್ನನ್ನು ಬೇಡವೆಂದಳು ಎಂದು ತೀರ್ಮಾನಿಸಿಬಿಟ್ಟಿದ್ದೆ.

ಏಳು ವರ್ಷ ಕಳೆಯಿತು. ನಮ್ಮ ಮೂಲಂಗಿ ಹೊಲ ಜಯನಗರದ ಬಡಾವಣೆಗೆ ಹೋಯಿತು. ಪರಿಹಾರದ ಹಣಕ್ಕಾಗಿ ಆ ಬಡಾವಣೆಯ ಆಫೀಸಿನ ಮುಂದೆ ನಮ್ಮಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದನ್ನು ನಾನು ಕಂಡಿದ್ದೇನೆ. ಒಳಗಿನಿಂದ ಜವಾನ ಬಂದು "ಆಚೆ ನಿಲ್ಲಯ್ಯ, ಕರೀತಾರೆ" ಎನ್ನುವುದು, ಅಪ್ಪ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಯುವುದು. ಅಷ್ಟು ಹೊತ್ತಿಗೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ, ಕೋಟು ಹಾಕುತ್ತಿದ್ದೆ.

ಶಾಲೆಗೆ ಗಿಡಗಳ ಚಾರ್ಟು ಬೇಕಾಗಿತ್ತು. ಬಸವನಗುಡಿಯಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಕೂತು ಬಹಳ ಚೆನ್ನಾಗಿ ಬರೆದುಕೊಡುತ್ತಾರೆ ಎಂದು ಯಾರೋ ವಿಳಾಸ ಕೊಟ್ಟರು. ಹೋದೆ. ಬೇರೆ ಬೀದಿ, ಬೇರೆ ಮನೆ. ಓರೆ ಮಾಡಿದ್ದ ಬಾಗಿಲನ್ನು ತಳ್ಳಿದೆ. ಬಾಗಿಲಲ್ಲಿ ವಯಸ್ಸಾದ ಒಬ್ಬರು ನನ್ನನ್ನು ವಿಚಾರಿಸುತ್ತಿದ್ದಾಗ, ಒಳಗೆ ಗೋಡೆಯ ಕಡೆ ಮುಖ ಮಾಡಿ ಹಲಗೆಯ ಮೇಲೆ ಬಗ್ಗಿದ್ದಾಕೆ ತಿರುಗದೆಯೇ ಹೇಳಿದಳು:

"ಅತ್ತೆ, ಅವರನ್ನ ಒಳಗೆ ಕರೀರಿ. ಬಾಗಿಲು ಭುಜದಿಂದ ತಳ್ಳೋರು ಈ ಊರಲ್ಲಿ ಒಬ್ಬರೇ."

ಮಂಕರಿ ಹೊತ್ತು ಬಂದ ಅಭ್ಯಾಸ ಅದು, ಕೈ ಎರಡೂ ಮೇಲಿರುತ್ತಿದ್ದವಲ್ಲ. ನನಗೇ ಗೊತ್ತಿರಲಿಲ್ಲ.

ತಂದೆ ತೀರಿಕೊಂಡ ಮೇಲೆ ಆಕೆ ಈ ಸೋದರತ್ತೆಯ ಜೊತೆ ಇದ್ದಳು. ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಬಂದವರೆಲ್ಲ ಮೂಗಿ ಎಂದುಕೊಂಡು ಎದ್ದುಹೋಗಿದ್ದರು. ಚಾರ್ಟಿನ ನೆಪದಲ್ಲಿ ನಾನು ಮತ್ತೆ ಮತ್ತೆ ಹೋದೆ. ನಮ್ಮ ಶಾಲೆಯಲ್ಲಿದ್ದಷ್ಟು ಗಿಡದ ಚಾರ್ಟು ಬೇರೆ ಯಾವ ಶಾಲೆಯಲ್ಲೂ ಇದ್ದಿರಲಾರದು. ಒಂದು ಸಂಜೆ ದಾಸವಾಳದ ಕೇಸರಕ್ಕೆ ಬಣ್ಣ ಹಚ್ಚುತ್ತ ಆಕೆ ಅಂದಳು: "ಅವತ್ತು ನಾನು ಇಲ್ಲ ಅನ್ಲಿಲ್ಲ. ಹೂಂ ಅನ್ನೋಕೂ ಆಗ್ಲಿಲ್ಲ. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

ಆ ಸಂಜೆಯೇ ನಾನು ಮದುವೆಯ ಮಾತು ಆಡಿದೆ. ರಿಜಿಸ್ಟ್ರಾರ್ ಕಚೇರಿ ಎಂದವಳು ಆಕೆಯೇ. ಕಾನೂನನ್ನು ಓದಿಟ್ಟುಕೊಂಡಿದ್ದಳು. ಅರ್ಜಿ ಕೊಟ್ಟು ಮೂವತ್ತು ದಿನ ನೋಟೀಸು ಬೋರ್ಡಿನಲ್ಲಿ ಇರಬೇಕು. ಆಮೇಲೆ ಮೂರು ಜನ ಸಾಕ್ಷಿಗಳ ಮುಂದೆ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಬೇಕು: ಇವರನ್ನು ಮದುವೆಯಾಗುತ್ತಿದ್ದೇನೆ ಎಂದು. ತಲೆಯಾಡಿಸಿದರೆ ನಡೆಯುವುದಿಲ್ಲ.

"ಮೂರೇ ಜನ ಸಾಕು" ಎಂದಳು. "ನಮ್ಮತ್ತೆ, ನಿಮ್ಮಪ್ಪ, ನಿಮ್ಮ ಸ್ಕೂಲಿನವರು ಯಾರಾದ್ರೂ ಒಬ್ರು. ಅಷ್ಟು ಜನರ ಮುಂದೆ ಹೇಳ್ತೀನಿ. ಅಭ್ಯಾಸ ಮಾಡ್ಕೋತೀನಿ. ನಾಲ್ಕನೆಯವರು ಬೇಡ."

ನಿಜವಾಗಿಯೂ ಅಭ್ಯಾಸ ಮಾಡಿದಳು. ಮೊದಲ ವಾರ ಅತ್ತೆಯ ಮುಂದೆ. ಎರಡನೆಯ ವಾರ ಅತ್ತೆಯ ಜೊತೆಗೆ ಹೂವು ಮಾರುವವಳನ್ನೂ ಜಗುಲಿಯ ಮೇಲೆ ಕೂರಿಸಿಕೊಂಡು. ಹೂವಿನವಳಿಗೆ ಅದೊಂದು ಮೋಜು. "ಇನ್ನೊಂದ್ಸಲ ಯೋಳವ್ವ, ಚೆಂದಾಗೈತೆ! ನಮ್ಮನ್ನ ಯಾರೂ ಕೇಳ್ನೇ ಇಲ್ಲ ಬುಡು, ಹಂಗೇ ಕಟ್ಬುಟ್ರು" ಎನ್ನುತ್ತಿದ್ದಳಂತೆ. ನಾಲ್ಕನೆಯ ವಾರದಲ್ಲಿ ನನ್ನ ಮುಖ ನೋಡಿಕೊಂಡೇ, ಪೂರ್ತಿ ಹೇಳಿದಳು. ಕತ್ತಿನ ಮೇಲೆ ಎರಡು ಗಂಧೆ ಎದ್ದವು, ಅಷ್ಟೇ.

ಇತ್ತ ನಮ್ಮಮ್ಮ ಬೀದಿಗೆಲ್ಲ ಹೇಳಿಬಿಟ್ಟಿದ್ದಳು. ಡಿಗ್ರಿ ಓದಿದ ಮಗನ ಮದುವೆ ಕಳ್ಳರ ಹಾಗೆ ನಡೆಯುವುದುಂಟೇ? ಸೋದರಮಾವ ಲಾರಿ ಗೊತ್ತುಮಾಡಿದ. ನಾನು ತಡೆಯಬಹುದಿತ್ತು. ತಡೆಯಲಿಲ್ಲ, ಏಕೆಂದರೆ ನನಗೂ ಖುಷಿಯಾಗಿತ್ತು. ನಮ್ಮವರು ಹೊಸ ಪಂಚೆ ಉಟ್ಟು ಸರ್ಕಾರಿ ಕಚೇರಿಯ ಒಳಗೆ ಬೆಂಚಿನ ಮೇಲೆ ಕೂರುವುದನ್ನು ನೋಡಬೇಕೆಂದು ಆಸೆಯಿತ್ತು. ಆಕೆಗೆ ತಿಳಿಸಲಿಲ್ಲ. ಅಲ್ಲಿಗೆ ಬಂದ ಮೇಲೆ ಹೇಗೋ ಆಗುತ್ತದೆ ಎಂದುಕೊಂಡೆ.

ಆಕೆ ಅತ್ತೆಯ ಜೊತೆ ಜಟಕಾದಿಂದ ಇಳಿದಾಗ ಕಚೇರಿಯ ಕೋಣೆಯಲ್ಲಿ ನಲವತ್ತು ಜನ ಇದ್ದರು. ಆಕೆ ನನ್ನ ಕಡೆ ಒಂದು ಸಲ ನೋಡಿದಳು. ಬಂದು ಪಕ್ಕದಲ್ಲಿ ನಿಂತಳು. ಇದನ್ನು ನಾನು ಮರೆಯಬಾರದು: ಆಕೆ ಓಡಿಹೋಗಲಿಲ್ಲ, ಬಂದು ನಿಂತಳು.

ನಾನು ನನ್ನ ಮಾತನ್ನು ಗಟ್ಟಿಯಾಗಿ ಹೇಳಿದೆ. ನಮ್ಮವರು ಭೇಷ್ ಎಂದರು. ಆಕೆಯ ಸರದಿ ಬಂತು. ಗಂಧೆಗಳು ಕೆನ್ನೆಗೂ ಹತ್ತಿದವು. ಬಾಯಿ ತೆರೆಯಿತು, ದನಿ ಬರಲಿಲ್ಲ. ರಿಜಿಸ್ಟ್ರಾರು ಮತ್ತೊಮ್ಮೆ ಕೇಳಿದರು. ಆಗ ಆಕೆ ಮೆಲ್ಲಗೆ ತಿರುಗಿ, ಸುಣ್ಣ ಬಳಿದ ಗೋಡೆಯ ಕಡೆ ಮುಖ ಮಾಡಿ, "ನಾನು..." ಎಂದು ಶುರುಮಾಡಿದಳು.

"ಅಯ್ಯೋ ಶಿವನೇ, ಗೋಡೇನ ಮದ್ವೆ ಆಯ್ತಾವ್ಳೆ ಕಣ್ರಲಾ!" ಎಂದ ನನ್ನ ಸೋದರಮಾವ.

ಕೋಣೆಗೆ ಕೋಣೆಯೇ ನಕ್ಕಿತು. ಕೆಟ್ಟ ಮನಸ್ಸಿನ ನಗೆಯೇನಲ್ಲ, ಮದುವೆಮನೆಯ ನಗೆ. ಆಕೆಯ ಬೆನ್ನು ಕಲ್ಲಾಯಿತು.

ರಿಜಿಸ್ಟ್ರಾರು ಒಳ್ಳೆಯವರು. ಪೆನ್ನು ಕೆಳಗಿಟ್ಟು, "ನೋಡಿ ಮೇಷ್ಟ್ರೇ, ಕಾನೂನಿಗೆ ಮೂರು ಸಾಕ್ಷಿ ಸಾಕು. ಮಿಕ್ಕವರು ಐದು ನಿಮಿಷ ಆಚೆ ನಿಂತಿರ್ಲಿ. ಆ ಮಗು ಹೇಳುತ್ತೆ" ಎಂದರು.

ಆಚೆ ನಿಂತಿರಲಿ ಎಂಬ ಆ ಒಂದು ಮಾತು ಕಿವಿಗೆ ಬಿದ್ದಾಗ ನನಗೆ ಬೇರೇನೂ ಕೇಳಿಸಲಿಲ್ಲ. ಅಪ್ಪನೂ ಸಾಕ್ಷಿಯೇ, ಅವರು ಹೋಗಬೇಕಾಗಿರಲಿಲ್ಲ. ಆದರೂ ಆ ಮಾತು ಕೇಳಿದ ಅಭ್ಯಾಸಕ್ಕೆ ಮೊದಲು ಎದ್ದವರು ಅವರೇ. ಹೆಗಲ ಮೇಲಿನ ವಲ್ಲಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ಹೊರಟೇಬಿಟ್ಟಿದ್ದರು.

"ಕೂತ್ಕೊಳಪ್ಪ" ಎಂದು ಕೂಗಿದೆ. "ನಮ್ಮೋರು ಆಚೆ ನಿಂತಿದ್ದು ಸಾಕು ಸಾರ್. ಯಾರೂ ಹೋಗಲ್ಲ. ಹೇಳೋದಿದ್ರೆ ಎಲ್ಲರ ಮುಂದೆ ಹೇಳ್ಲಿ."

ಎಲ್ಲರೂ ಕೂತರು. ಗೋಡೆಯ ಕಡೆ ಮುಖ ಮಾಡಿದ್ದಾಕೆ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ನನ್ನ ಮನಸ್ಸು ಬದಲಾಗುತ್ತದೆಯೇನೋ ಎಂದು ಕಾದಳೋ ಏನೋ. ಆಮೇಲೆ ಅತ್ತೆಯ ಕೈ ಹಿಡಿದು ಹೊರಟುಹೋದಳು.

ಲಾರಿ ಹತ್ತದೆ ಅಪ್ಪ, ನಾನು ನಡೆದೇ ಬಂದೆವು. ಲಾಲ್‌ಬಾಗಿನ ಗೇಟು ದಾಟುವಾಗ ಅಪ್ಪ ಅಂದರು: "ನನ್ನ ಒಂದು ಮಾತು ಕೇಳಿದ್ಯೇನ್ಲಾ? ಬ್ಯಾರೆಯೋರು ನಿಲ್ಸಿದಾಗ ಆಚೆ ನಿಂತಿದ್ದು ನಂಗೂ ಉರೀತು. ಇವತ್ತು ಸೊಸೆಗೋಸ್ಕರ ನಿಂತ್ಕತ್ತಿದ್ದೆ, ಅದ್ರಾಗೆ ಏನೈತೆ? ನನ್ನ ಹೆಸ್ರು ಹೇಳ್ಕಂಡು ನಿನ್ನ ಮರ್ವಾದೆ ಕಾಯ್ಕಂಡೆ."

ಸಿಟ್ಟು ಬಂತು. ನಿಜವಾದ ಮಾತಿಗೆ ಬರುವ ಸಿಟ್ಟು. ಆ ಸಿಟ್ಟನ್ನು ಆಕೆಯ ಮೇಲೆ ಹಾಕಿದೆ.

ಅರ್ಜಿ ಕೊಟ್ಟ ದಿನದಿಂದ ಮೂರು ತಿಂಗಳ ಒಳಗೆ ಯಾವತ್ತು ಬೇಕಾದರೂ ಹೋಗಿ ಮದುವೆಯಾಗಬಹುದಿತ್ತು. ಇನ್ನೂ ಎರಡು ತಿಂಗಳು ಉಳಿದಿತ್ತು. ನಾನು ಹೋಗಲಿಲ್ಲ. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ನಮ್ಮ ಶಾಲೆಯ ಜವಾನ ಬಾಗಿಲಿಗೆ ಬಂದ. "ಸಾರ್, ಯಾರೋ ಅಮ್ಮೋರು ಬಂದವ್ರೆ. ಕೈಬೆರಳೆಲ್ಲ ಬಣ್ಣ" ಎಂದ.

ಯಾರೆಂದು ತಿಳಿಯಲು ಅಷ್ಟೇ ಸಾಕಾಗಿತ್ತು. ಶಾಲೆಗೆ ಆಕೆ ಒಬ್ಬಳೇ ಬಂದಿದ್ದಾಳೆ ಎಂದರೆ ಏನು ಅಂತಲೂ ಗೊತ್ತಿತ್ತು. "ಪೀರಿಯಡ್ ಮುಗೀಲಿ, ಕಾಯೋಕೆ ಹೇಳು" ಎಂದೆ. ಇನ್ನೂ ಅರ್ಧ ಗಂಟೆಯಿತ್ತು. ಆ ಅರ್ಧ ಗಂಟೆ, ಹಿಂದಿನ ದಿನವೇ ಮುಗಿಸಿದ್ದ ಪಾಠವನ್ನು ಮತ್ತೆ ಮಾಡಿದೆ.

ಹೊರಗೆ ಬಂದಾಗ ಯಾರೂ ಇರಲಿಲ್ಲ. ಕಾಯಲು ಆಗದೆ ಓಡಿಹೋದಳು, ಆಕೆಯ ಸ್ವಭಾವವೇ ಅದು ಎಂದುಕೊಂಡೆ. ಹಾಗೆಂದುಕೊಂಡಾಗ ಒಳಗೊಳಗೇ ಗೆದ್ದ ಹಾಗಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಮರುವರ್ಷ ಅಮ್ಮ ನೋಡಿದ ಹೆಣ್ಣನ್ನು ಮದುವೆಯಾದೆ. ಹೆಂಡತಿಯದೇನೂ ಕೊರತೆಯಿಲ್ಲ, ನನ್ನದೇ ಎಲ್ಲ.

ನಾಲ್ಕು ವರ್ಷದ ಮೇಲೆ ಸೋದರತ್ತೆಯಿಂದ ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಬಂತು. ಟೈಫಾಯಿಡ್ ಆಗಿ ಹದಿನೆಂಟನೆಯ ದಿನ ಹೋದಳು, ನಿಮಗೆ ತಿಳಿಸಬೇಕೆನ್ನಿಸಿತು ಎಂದು ಎರಡೇ ಸಾಲು. ಸ್ಟಾಫ್ ರೂಮಿನಲ್ಲಿ ಅದನ್ನು ಹಿಡಿದು ಕೂತಿದ್ದೆ. ಜವಾನ ಟೀ ತಂದವನು, "ಯಾಕೆ ಸಾರ್?" ಎಂದ. ಬಣ್ಣದ ಬೆರಳಿನ ಅಮ್ಮ ಅವತ್ತು ಬಂದಿದ್ದರಲ್ಲ, ಅವರು ಹೋಗಿಬಿಟ್ಟರಂತೆ ಎಂದೆ.

ಅವನು ಟೀ ಲೋಟವನ್ನು ಮೇಜಿನ ಮೇಲಿಟ್ಟು ಬಾಗಿಲವರೆಗೆ ಹೋಗಿ ತಿರುಗಿ ಬಂದ.

"ಅವತ್ತು ನಾನು ನಿಮಗೆ ಪೂರ್ತಿ ಹೇಳ್ಲಿಲ್ಲ ಸಾರ್" ಎಂದ. "ಅಡ್ಮಿಷನ್ ಟೈಮು. ವರಾಂಡದ ತುಂಬ ಜನ. ಯಾರು ಬಂದವ್ರೆ ಅಂತ ಹೇಳ್ಲಮ್ಮ ಅಂತ ಕೇಳ್ದೆ. ಕತ್ತು, ಕೆನ್ನೆಯೆಲ್ಲ ಕೆಂಪಗಾಗಿತ್ತು ಪಾಪ. ಅಷ್ಟೂ ಜನಕ್ಕೆ ಕೇಳಂಗೆ, 'ಅವರನ್ನ ಮದುವೆ ಆಗೋಳು ಬಂದಿದೀನಿ ಅಂತ ಹೇಳಿ' ಅಂದ್ರು. ಎಲ್ರೂ ತಿರುಗಿ ನೋಡಿದ್ರು. ಅವ್ರು ತಲೆ ಬಗ್ಗಿಸ್ಲಿಲ್ಲ. ಹುಡುಗ್ರ ಮುಂದೆ ನಾನು ಹೆಂಗ್ ಸಾರ್ ಹೇಳ್ಲಿ ಅದನ್ನ? ಅದಕ್ಕೇ ಯಾರೋ ಅಮ್ಮೋರು ಅಂದ್ಬುಟ್ಟೆ. ಕಾಯ್ಬೇಕಂತೆ ಅಂದಾಗ, ನಾನು ಬಂದಿದೀನಿ ಅಂತ ಗೊತ್ತಾಯ್ತಾ ಅವರಿಗೆ ಅಂತ ಕೇಳಿದ್ರು. ಗೊತ್ತಾಯ್ತು ಅಂದೆ. ಎದ್ದು ಹೋದ್ರು."

ನಾನು ಕಾರ್ಡನ್ನು ಕೋಟಿನ ಜೇಬಿಗಿಟ್ಟೆ.

"ನನ್ನಿಂದ ತಪ್ಪಾಯ್ತಾ ಸಾರ್?"

"ಇಲ್ಲಪ್ಪ" ಎಂದೆ. "ನೀನು ಹೇಳಿದ್ದು ನಿಜ. ನನಗೆ ಗೊತ್ತಾಗಿತ್ತು."