ಎಳೆ ಹೋಯ್ತು, ನಿಲ್ಸು!

ಹೋದ ಶನಿವಾರ ಕಣ್ಣಿನ ಡಾಕ್ಟರಿಗೆ ಸುಳ್ಳು ಹೇಳಿದೆ.

ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಪೊರೆ ತೆಗೆಸಿದ ಮೇಲೆ ಹಿಂದೂಪುರದ ನಮ್ಮ ಮಾಳಿಗೆ ಮೇಲೆ ನಿಂತರೆ, ಎದುರು ಬೀದಿಯವರು ಯಾವ ಸೊಪ್ಪು ಸೋಸುತ್ತಿದ್ದಾರೆ ಅಂತ ಹೇಳಬಲ್ಲೆ. ಆದರೂ ಒಂದು ವಾರ ಮಗನ ಮುಂದೆ ಕಣ್ಣು ಉಜ್ಜಿಕೊಂಡೆ. "ಹೊಗೆ ಹೊಗೆ ಕಾಣ್ತದೆ ಕಣಪ್ಪ" ಅಂದೆ. ಅವನು ಮೊಬೈಲ್ ಅಂಗಡಿಯ ಶಟರ್ ಎಳೆದು ಬಂದು ನನ್ನನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿದ. ದಾರಿಗೆ ಅಂತ ನೀರಿನ ಬಾಟಲಿ ಬೇರೆ.

ಯಾಕೆ ಸುಳ್ಳು? ಆ ಶನಿವಾರ ನಾಲ್ಕು ಗಂಟೆಗೆ ಬೆಂಗಳೂರಿನಲ್ಲಿ 'ಹಳೇ ಟವಲ್' ಬ್ಯಾಂಡಿನ ಶೋ ಇತ್ತು.

ನಗಬೇಡಿ. ಈ ಅಂಕಣದಲ್ಲಿ ಹುರುಳಿಕಟ್ಟು, ನಲ್ಲಿ ಜಗಳ, ಸೊಸೆಯ ಮಿಕ್ಸಿ ಅಂತ ಓದಿಕೊಂಡು ಬಂದವರಿಗೆ ವಿಚಿತ್ರ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಇದು ಶುರುವಾದದ್ದು ಅದಕ್ಕೂ ಒಂದು ತಿಂಗಳ ಮುಂಚೆ. ಆಗ ನಿಜವಾದ ಚೆಕಪ್ಪಿಗೇ ಹೋಗಿದ್ದೆ. ಬೆಂಗಳೂರಿನಲ್ಲಿ ನನ್ನ ಮಗಳ ಮಗಳು ಕಾವ್ಯ ಇದ್ದಾಳೆ. ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯಲ್ಲಿ ಕೆಲಸ. (ಅದಕ್ಕೂ ಅಂಗಡಿ ಇದೆ. ನಾಯಿಗೆ ಶಾಂಪೂ ಬೇರೆ, ಕಂಡೀಷನರ್ ಬೇರೆ. ನನ್ನ ತಲೆ ಇವತ್ತಿಗೂ ಸೀಗೆಕಾಯಿ ಕಂಡದ್ದೇ ಕಂಡದ್ದು.) ಅವತ್ತು ಭಾನುವಾರ. ಅವಳಿಗೆ ಎಲ್ಲೋ ಹೋಗಬೇಕು, ನನ್ನನ್ನು ಪಿಜಿಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ.

"ಅಜ್ಜಿ, ಹಾಡು ಕೇಳೋಕೆ ಬತ್ತೀಯಾ? ಸೌಂಡ್ ಜಾಸ್ತಿ ಇರ್ತದೆ."

"ನಲವತ್ತು ವರ್ಷ ಮಗ್ಗದ ಮನೇಲಿ ಬಾಳ್ವೆ ಮಾಡಿದೀನಿ. ನನಗೇ ಸೌಂಡ್ ಹೇಳ್ಕೊಡ್ತೀಯಾ? ನಡಿ."

ಹೋದೆವು. ಒಂದು ಕಟ್ಟಡದ ಮೇಲಿನ ಟೆರೇಸು. ಬಾಗಿಲಲ್ಲಿ ಕೈಗೆ ರಬ್ಬರ್ ಸ್ಟಾಂಪ್ ಒತ್ತಿದರು, ಸಂತೆಯಲ್ಲಿ ಕುರಿಗೆ ಬಣ್ಣ ಹಚ್ಚಿದ ಹಾಗೆ. ಕುರ್ಚಿಗಳು ಕಡಿಮೆ, ನಿಂತವರು ಜಾಸ್ತಿ. ಸ್ಟೇಜ್ ಮೇಲೆ ಮೂವರೇ. ಗಿಟಾರ್ ಹಿಡಿದು ಹಾಡುವವನು, ದಪ್ಪ ತಂತಿಯ ಗಿಟಾರಿನವನು ಒಬ್ಬ, ಹಿಂದೆ ಡ್ರಮ್ಮುಗಳ ನಡುವೆ ಒಂದು ಹುಡುಗಿ. ಅರ್ಧ ಗಂಟೆ 'ಚೆಕ್ ಚೆಕ್' ಅಂದರು. ಆಮೇಲೆ ಶುರು.

ಸಿನಿಮಾ ಹಾಡು ಒಂದೂ ಇಲ್ಲ. ಅವರೇ ಬರೆದದ್ದು, ಅವರೇ ಹಾಡುವುದು. ಇದಕ್ಕೆ ಇಂಡಿ ಅಂತಾರಂತೆ. ಮನೆ ಓನರಮ್ಮ ನೀರಿನ ಮೋಟರ್ ಆಫ್ ಮಾಡಿದ್ದರ ಮೇಲೆ ಒಂದು ಹಾಡು. ಕಳೆದುಹೋದ ಹೆಲ್ಮೆಟ್ಟಿನ ಮೇಲೆ ಒಂದು. ಹೆಲ್ಮೆಟ್ಟಿನ ಹಾಡಿಗೆ ಇಪ್ಪತ್ತೈದು ವರ್ಷದ ಗಂಡಸು ಕಣ್ಣು ಒರೆಸಿಕೊಳ್ಳುತ್ತಿದ್ದ. ಕಾವ್ಯಳಿಗೆ ಎಲ್ಲ ಹಾಡೂ ಬಾಯಿಪಾಠ. ಇವಳು ಇವರ ಹಿಂದೆ ಮೈಸೂರಿಗೂ ಹೋಗಿದ್ದಾಳಂತೆ, ಪಾಂಡಿಚೇರಿಗೂ ಹೋಗಿದ್ದಾಳಂತೆ. ಬರೀ ಕೇಳುವುದಕ್ಕೆ. ಬೈಯಬೇಕು ಅಂದುಕೊಂಡೆ. ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾಲ್ಕನೆಯ ಹಾಡಿನ ಮಧ್ಯೆ, ಅಷ್ಟು ಗಲಾಟೆಯೊಳಗೆ, ನನ್ನ ಕಿವಿಗೆ 'ಟಿಣ್' ಅಂತ ಬಂತು.

ನೇಯುವವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಮಗ್ಗ ಬಡಿಯುತ್ತಿರಲಿ, ಒಂದು ಎಳೆ ಕಡಿದರೆ ಗೊತ್ತಾಗುತ್ತದೆ. ಗೊತ್ತಾದವರು ಕೂಗಬೇಕು. ಕೂಗಿದರೆ ಎಲ್ಲರೂ ಕೈ ಎತ್ತಬೇಕು. ಯಾರದು ಹೋಯಿತು ಅಂತ ನೋಡಿ, ಗಂಟು ಹಾಕಿ, ಆಮೇಲೆ ಮುಂದಕ್ಕೆ. ಇಲ್ಲದಿದ್ದರೆ ಬಟ್ಟೆ ಹಾಳು. ನಾನು ಎಲ್ಲಿದ್ದೀನಿ ಅನ್ನುವುದೇ ಮರೆತುಹೋಯಿತು. ಎದ್ದು ನಿಂತು ಕೂಗಿಬಿಟ್ಟೆ:

"ಎಳೆ ಹೋಯ್ತು, ನಿಲ್ಸು!"

ಎಲ್ಲರೂ ತಿರುಗಿದರು. ಕಾವ್ಯ ಮುಖ ಮುಚ್ಚಿಕೊಂಡಳು. ಗಿಟಾರಿನವನು ಕಡಿದ ತಂತಿ ನೇತಾಡಿಸಿಕೊಂಡೇ ಬಾರಿಸುತ್ತಿದ್ದ. ಆದರೆ ಡ್ರಮ್ ನಿಂತುಹೋಗಿತ್ತು. ಆ ಹುಡುಗಿಯ ಎರಡು ಕೈಯೂ ಗಾಳಿಯಲ್ಲಿ! ಕೋಲು ಹಿಡಿದ ಕೈಗಳು ಹಾಗೇ ಮೇಲೆ ನಿಂತಿದ್ದವು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

ಬ್ರೇಕ್ ಕೊಟ್ಟ ತಕ್ಷಣ ಸ್ಟೇಜಿಂದ ಧುಮುಕಿ ಬಂದಳು.

"ಯಾವೂರವ್ವ ನಿಮ್ದು?"

"ಹಿಂದೂಪುರ. ನಿಂದು?"

"ಕಲ್ಯಾಣದುರ್ಗ. ನಮ್ಮಪ್ಪಂದು ಇವತ್ತಿಗೂ ಎರಡು ಮಗ್ಗ ಅವೆ. ನೀವು ಕೂಗ್ದೇಟ್ಗೆ ಕೈ ಎದ್ದೋಯ್ತು ನೋಡ್ರಿ! ನಮ್ಮಪ್ಪನೇ ಬಂದ್ಬುಟ್ಟ ಅನ್ಕೊಂಡೆ."

ಹೆಸರು ಶಶಿಕಲಾ. ಸ್ಟೇಜ್ ಮೇಲೆ ಶಶಿ. ಗಿಟಾರಿನವನು ಹೊಸ ತಂತಿ ಕಟ್ಟುವಷ್ಟರಲ್ಲಿ ನಾವಿಬ್ಬರೂ ಒಂದು ಟೇಬಲ್ಲಿನ ಮುಂದೆ ಕೂತೆವು. ಕಲ್ಯಾಣದುರ್ಗ ಅಂದಳಲ್ಲ, ಅಲ್ಲಿಗೆ ನನ್ನ ಬಾಯಿ ಬಿಚ್ಚಿತು. ಐವತ್ತೈದು ವರ್ಷ ಯಾರಿಗೂ ಹೇಳದ್ದನ್ನು ಆ ಹುಡುಗಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ನನ್ನ ತವರು ಲೇಪಾಕ್ಷಿ ಪಕ್ಕದ ಹಳ್ಳಿ. ನನಗೆ ಹದಿನೇಳು ಇದ್ದಾಗ ಒಂದು ಬುರ್ರಕಥೆಯ ಮೇಳ ಬಂತು. ಮೂವರೂ ಹೆಂಗಸರು. ನಡುವೆ ನಿಂತು ಕಥೆ ಹೇಳುವವಳು ಓಬುಲಮ್ಮ, ಕೈಯಲ್ಲಿ ತಂಬೂರಿ, ಕಾಲಲ್ಲಿ ಗೆಜ್ಜೆ. ಅಕ್ಕಪಕ್ಕದ ಇಬ್ಬರ ಕೊರಳಲ್ಲಿ ಗುಮ್ಮಟ ಅನ್ನುವ ಮಣ್ಣಿನ ಚರ್ಮವಾದ್ಯ. ಓಬುಲಮ್ಮ ಒಂದು ಸಾಲು ಹೇಳಿದರೆ ಅವರು ಗುಮ್ಮಟ ಬಡಿದು 'ತಂದಾನ ತಾನ' ಅಂತ ಮಾರುತ್ತರ ಕೊಡಬೇಕು. ಆ ಉತ್ತರ ಇಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಲೇಪಾಕ್ಷಿಯಲ್ಲಿ ಕೇಳಿದೆ. ಸಾಲಲಿಲ್ಲ. ಸೋದರತ್ತೆ ಮನೆ ಅಂತ ನೆಪ ಹೇಳಿ ಚಿಲಮತ್ತೂರಿಗೆ ಹೋದೆ. ಅಲ್ಲಿಂದ ಕೊಡಿಕೊಂಡಕ್ಕೆ. (ಕಾವ್ಯಳನ್ನು ಬೈಯಲು ಯಾಕೆ ಬಾಯಿ ಬರಲಿಲ್ಲ ಅಂತ ಈಗ ತಿಳಿಯಿತಲ್ಲ?) ಕೊಡಿಕೊಂಡದಲ್ಲಿ ಗುಮ್ಮಟ ಬಡಿಯುವವಳೊಬ್ಬಳಿಗೆ ಜ್ವರ. ಮುಂದಿನ ಸಾಲಲ್ಲಿ ಕೂತು ನಾನು ಮಾರುತ್ತರ ಗೊಣಗುವುದನ್ನು ಓಬುಲಮ್ಮ ನೋಡಿದ್ದಳು. ಕರೆದು ಗುಮ್ಮಟ ಕೊರಳಿಗೆ ಹಾಕಿದಳು. ಬಡಿದೆ. ಹೇಗೆ ಬಡಿದೆ ಅಂತ ಕೇಳಬೇಡಿ. ಕಥೆ ನಿಲ್ಲಲಿಲ್ಲ, ಅಷ್ಟು ಸಾಕು.

ಮುಗಿದ ಮೇಲೆ ಓಬುಲಮ್ಮ ಎಲೆ ಅಡಿಕೆ ಕೊಟ್ಟು, "ಮಾತೋ ರಾವೇ ಪಿಲ್ಲಾ, ಕಲ್ಯಾಣದುರ್ಗಂ ಪೋತಾಂಡಾಂ" ಅಂದಳು. ನಮ್ಮ ಜೊತೆ ಬಾರೇ, ಕಲ್ಯಾಣದುರ್ಗಕ್ಕೆ ಹೊರಟಿದ್ದೀವಿ.

ನಾನು ಏನಂದೆ?

"ಮಗ್ಗದ ಮೇಲೆ ಅರ್ಧ ಸೀರೆ ಅದೆ. ಐದು ದಿನದಾಗೆ ಮುಗಿಸಿ ಬತ್ತೀನಿ" ಅಂದೆ.

ನಮ್ಮಲ್ಲಿ ಶುರು ಮಾಡಿದ ಸೀರೆಯನ್ನು ಅದೇ ಕೈ ಮುಗಿಸಬೇಕು. ಒಬ್ಬೊಬ್ಬರ ಪೆಟ್ಟು ಒಂದೊಂದು ಬಿಗಿ. ಮಧ್ಯೆ ಕೈ ಬದಲಾದರೆ ಬಟ್ಟೆಗೆ ಅಡ್ಡ ಗೆರೆ ಬೀಳುತ್ತದೆ. ಅಪ್ಪ ಹೊಡೆಯುತ್ತಿದ್ದನೇ? ಇಲ್ಲ. ಅವ್ವ ಅಳುತ್ತಿದ್ದಳೇ? ಅವಳಿಗೆ ಪುರುಸೊತ್ತಿರಲಿಲ್ಲ. ನನ್ನನ್ನು ಯಾರೂ ತಡೆಯಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಸೀರೆಗೆ ಗೆರೆ ಬೀಳುತ್ತದೆ ಅಂತ ನಾನೇ ಉಳಿದೆ.

ಐದು ದಿನ ಅಂದದ್ದು ಎಂಟಾಯಿತು. ಮುಗಿಸಿ, ಮಡಚಿಟ್ಟು, ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಮೇಳ ಹೋಗಿ ಮೂರು ದಿನವಾಗಿತ್ತು. ರಾಯದುರ್ಗದ ಕಡೆಗೆ ಅಂದರು ಒಬ್ಬರು, ಬಳ್ಳಾರಿಗೆ ಅಂದರು ಇನ್ನೊಬ್ಬರು. ಬಸ್ ಸ್ಟ್ಯಾಂಡಿನಲ್ಲಿ ಎರಡು ಬೋಂಡಾ ತಿಂದು ವಾಪಸ್ ಬಂದೆ. ಮುಂದಿನ ವರ್ಷ ಮದುವೆಯಾಯಿತು. ಗಂಡ ಒಳ್ಳೆಯವನೇ. ಅದು ಬೇರೆ ವಿಷಯ.

ಶಶಿ ಇಷ್ಟನ್ನೂ ಕೇಳಿ, "ಆ ಪೆಟ್ಟು ನೆನಪದೆಯಾ ಅವ್ವ?" ಅಂದಳು.

ಟೇಬಲ್ ಮೇಲೆ ಬಡಿದು ತೋರಿಸಿದೆ. ಎರಡನೇ ಸಲಕ್ಕೆ ಅವಳ ಬೆರಳಿಗೆ ಬಂದುಬಿಟ್ಟಿತು. ಮೂರನೇ ಸಲಕ್ಕೆ ನನಗಿಂತ ಚೆನ್ನಾಗಿ.

"ಬರೋ ತಿಂಗಳು ಇಲ್ಲೇ ಶೋ ಅದೆ. ಮೋಟರ್ ಹಾಡಿನ ಮಧ್ಯೆ ಇದನ್ನ ಹಾಕ್ತೀನಿ. ನೀವು ಮುಂದೆ ಕೂತ್ಕೊಳ್ರಿ. ನಾನು ಕೋಲು ಮೇಲಕ್ಕೆತ್ತಿದ್ರೆ ನೀವು ಆ 'ತಂದಾನ' ಹೇಳ್ಬೇಕು."

"ಹುಚ್ಚುಮುಂಡೇದೆ, ನಗ್ತಾರೆ ಕಣೇ."

"ಹೆಲ್ಮೆಟ್ಟಿಗೆ ಅಳೋ ಜನ ಕಣವ್ವ ಇವ್ರು. ಬತ್ತೀರಾ?"

"ಬತ್ತೀನಿ" ಅಂದೆ.

ಆ ಒಂದು ತಿಂಗಳು ಹೇಗೆ ಕಳೆದೆ ಅಂತ ನನ್ನ ಸೊಸೆಯನ್ನು ಕೇಳಿ. ರಾಗಿ ಬೀಸಿಕೊಂಡು ಬಂದ ಡಬ್ಬ ಬಡಿದೆ, ನೀರಿನ ಕೊಡ ಬಡಿದೆ, ಕೂತಲ್ಲಿ ಮಂಡಿ ಬಡಿದೆ. "ಅತ್ತೆ ಒಬ್ರೇ ಏನೇನೋ ಮಾತಾಡ್ಕೊಂತಾರೆ" ಅಂತ ಅವಳು ಮಗನಿಗೆ ದೂರು ಹೇಳಿದಳು. ಗಂಟಲು ಒಡೆದ ಮಡಕೆಯಾಗಿತ್ತು. ಬೆಳಿಗ್ಗೆ ಎದ್ದು ಬಿಸಿನೀರಿಗೆ ಮೆಣಸು ಹಾಕಿ ಕುಡಿದೆ. ಎಪ್ಪತ್ತೆರಡು ವರ್ಷಕ್ಕೆ ಇದೆಲ್ಲ ಬೇಕಿತ್ತೇ? ಬೇಕಿತ್ತು. ಇದೊಂದೇ ಬೇಕಿತ್ತು.

ಅದಕ್ಕೇ ಆ ಸುಳ್ಳು.

ಸುಳ್ಳಿಗೆ ಕೂಲಿ ಕೈಮೇಲೇ ಸಿಕ್ಕಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಅಮ್ಮ, ಕಣ್ಣು ಕನ್ನಡಿ ಥರ ಇದೆಯಲ್ಲ" ಅಂದರು. ನಾನು ಬಿಡಲಿಲ್ಲ, ಹೊಗೆ ಅಂದೆ. "ಸರಿ, ಡ್ರಾಪ್ಸ್ ಹಾಕಿ ಒಳಗೆಲ್ಲ ನೋಡಿಬಿಡೋಣ." ಅದು ಕಣ್ಣಿನ ಪಾಪೆ ಅಗಲ ಮಾಡುವ ಡ್ರಾಪ್ಸು. ಸಾಯಂಕಾಲದ ತನಕ ಏನೂ ಸರಿಯಾಗಿ ಕಾಣುವುದಿಲ್ಲ. ಇಲ್ಲದ ಹೊಗೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಕಪ್ಪು ಕನ್ನಡಕ ಹಾಕಿಕೊಂಡು, ಕಾವ್ಯಳ ಕೈ ಹಿಡಿದು, ಟೆರೇಸಿಗೆ ಹೋಗಿ ಮುಂದೆಯೇ ಕೂತೆ. ಸ್ಟೇಜ್ ಮೇಲೆ ಮೂರು ನೆರಳು. ಅಷ್ಟೇ ಕಂಡದ್ದು.

"ಶಶಿ ಬಂದವ್ಳಾ?"

ಕಾವ್ಯ ನನ್ನ ಕನ್ನಡಕ ಸರಿಮಾಡಿದಳು. "ಬಂದವ್ಳೆ ಅಜ್ಜಿ. ಹಿಂದೆ ಕುಂತವ್ಳೆ. ಕೂದ್ಲು ಮೇಲಕ್ಕೆ ಕಟ್ಕೊಂಡವ್ಳೆ."

ಶುರುವಾಯಿತು. ಹತ್ತು ಪೆಟ್ಟು ಬಿದ್ದಿರಬಹುದು, ಹೆಚ್ಚಲ್ಲ.

"ಕಾವ್ಯ, ಕೈ ಬದಲಾಗ್ಯದೆ."

"ಇಲ್ಲ ಅಜ್ಜಿ, ಅವ್ಳೇ..."

"ನನ್ನ ಕಣ್ಣಿಗೆ ಡ್ರಾಪ್ಸ್ ಹಾಕವ್ರೆ. ಕಿವಿಗೆ ಹಾಕಿಲ್ಲ."

ಆಗ ಒಪ್ಪಿಕೊಂಡಳು. ಜುಟ್ಟು ಕಟ್ಟಿದ ಯಾವನೋ ಗಂಡುಹುಡುಗ. ನನಗೆ ಬೇಜಾರಾಗುತ್ತದೆ ಅಂತ ಅವಳ ಸುಳ್ಳು. ನಮ್ಮ ಮನೆತನದಲ್ಲೇ ಸುಳ್ಳು ಸರಿಯಾಗಿ ಕೂರುವುದಿಲ್ಲ.

ಎದ್ದು ಬರಬಹುದಿತ್ತು. ಬರಲಿಲ್ಲ. ಮೋಟರ್ ಹಾಡು ಬಂತು. ಅದರ ಮಧ್ಯೆ ಆ ಜಾಗವೂ ಬಂತು. ಗೊತ್ತು, ಯಾರೂ ಕೋಲು ಎತ್ತುವುದಿಲ್ಲ. ಆದರೂ ಬಾಯಿ ತೆರೆಯಿತು. ಒಂದು ಉಸಿರು ಕಾದೆ. ಹಾಡು ನನ್ನನ್ನು ದಾಟಿ ಮುಂದಕ್ಕೆ ಹೋಯಿತು. ಬಾಯಿ ಮುಚ್ಚಿದೆ.

ಮುಗಿದ ಮೇಲೆ ಗಿಟಾರಿನವನು ಹುಡುಕಿಕೊಂಡು ಬಂದ. "ಅಜ್ಜಿ, ಸಾರಿ. ಶಶಿ ಇಲ್ಲ. ದೊಡ್ಡ ಬ್ಯಾಂಡ್‌ನವ್ರು ಕರೆದ್ರು, ಊರೂರು ಟೂರ್. ಸೋಮವಾರ ಫೋನ್ ಬಂತು, ಮಂಗಳವಾರ ಟ್ರೈನ್ ಹತ್ತಿದ್ಲು. ಶನಿವಾರ ನಮ್ ಶೋ ಇದೆ ಕಣೇ ಅಂದ್ರೆ, ಬೇರೆಯವ್ರನ್ನ ಕೂರಿಸ್ಕೊಳ್ಳಿ ಅಂದ್ಲು. ಹಿಂದೂಪುರದವ್ವ ಬಂದ್ರೆ ಸಾರಿ ಹೇಳು ಅಂದ್ಲು."

ನನಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ದಿನ ಕಾಯಲಾಗಲಿಲ್ಲವೇ ಇವಳಿಗೆ? ಒಪ್ಪಿಕೊಂಡ ಶೋ ಮುಗಿಸಿ ಹೋದರೆ ಏನು ಗಂಟು ಹೋಗುತ್ತಿತ್ತು?

ಹಾಗಂತ ಕೇಳಲು ಬಾಯಿ ತೆರೆದವಳು ಬೇರೆ ಕೇಳಿದೆ: "ಡ್ರಮ್ ಬೇರೆ ಆಯ್ತು ಅಂತ ಯಾರಾದ್ರೂ ಅಂದ್ರಾ ಕಣಪ್ಪ?"

ಅವನು ಯೋಚಿಸಿದ. "ಇಲ್ಲ ಅಜ್ಜಿ. ಎಲ್ರೂ ಸೂಪರ್ ಅಂದ್ರು. ಯಾಕೆ, ನಿಮಗೆ ಗೊತ್ತಾಯ್ತಾ?"

ಹಿಂದೆ ಜನ ಇನ್ನೂ ಕುಣಿಯುತ್ತಲೇ ಇದ್ದರು. ಹೆಲ್ಮೆಟ್ಟಿಗೆ ಅಳುವವರು ಅಳುವುದು ಮುಗಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಮಾರನೆಯ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣು ತಿಳಿಯಾಗಿತ್ತು. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಹಿಂದೆ ಬಸ್ಸು ನಿಂತಿತು. ಅವತ್ತು ಮೇಳ ನಡೆದ ಜಾಗದಲ್ಲಿ ಈಗ ಟೈರ್ ಪಂಕ್ಚರ್ ಅಂಗಡಿ. ನೋಡುತ್ತಾ ಕೂತಾಗ ನನಗೆ ಓಬುಲಮ್ಮನ ಮುಖ ನೆನಪಾಗಲಿಲ್ಲ, ಆ ಸೀರೆ ನೆನಪಾಯಿತು. ಬಾಳೆಎಲೆ ಹಸಿರು, ಕುಂಕುಮದ ಅಂಚು. ಒಂದೇ ಕೈ, ಒಂದೇ ಬಿಗಿ. ಎಲ್ಲೂ ಒಂದು ಗೆರೆ ಇರಲಿಲ್ಲ.

ಅವತ್ತು ಎದ್ದು ಹೋಗಿದ್ದರೆ ಪಕ್ಕದ ಮಗ್ಗದ ನಮ್ಮ ಅತ್ತಿಗೆ ಕೂತು ಮುಗಿಸುತ್ತಿದ್ದಳು. ನಡುವೆ ಒಂದು ಗೆರೆ ಬೀಳುತ್ತಿತ್ತು. ಯಾವಳೋ ಉಟ್ಟು, ಅದನ್ನು ನೆರಿಗೆಯೊಳಗೆ ಸೇರಿಸಿಕೊಂಡು, ಮದುವೆ ಊಟಕ್ಕೆ ಕೂರುತ್ತಿದ್ದಳು.

ಯಾರು ನೋಡುತ್ತಿದ್ದರು?