ಅಂಗಡಿ ಎತ್ತಿದ ಕಥೆ

ಗಂಡ ಬಾಯಿ ಬಿಡುವ ಮೊದಲೇ ಅವನ ಮನಸ್ಸು ತನಗೆ ತಿಳಿಯುತ್ತದೆ ಎಂಬುದು ಲತಾಮಣಿಯ ಹೆಮ್ಮೆ. ತಿಳಿದುಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ. ಮಾಗಡಿಯಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಲೋಕೇಶ್ ಗಿರಾಕಿಗಳ ಮುಂದೆ ಗಂಟೆಗಟ್ಟಲೆ ಮಾತಾಡಿ, ಮನೆಗೆ ಅರ್ಧ ವಾಕ್ಯವನ್ನಷ್ಟೇ ಉಳಿಸಿಕೊಂಡು ಬರುತ್ತಿದ್ದ. ಅಂಗಡಿಯ ಬೋರ್ಡಿನಲ್ಲಿ ಪ್ರೊಪ್ರೈಟರ್ ಎಂದು ಅವನ ಹೆಸರಿತ್ತು. ಮಸಿ ಹಿಡಿದ ಕೊಪ್ಪರಿಗೆ ಉಜ್ಜುವವರ ಹೆಸರನ್ನು ಬೋರ್ಡಿಗೆ ಬರೆಯುವ ಪದ್ಧತಿ ನಮ್ಮಲ್ಲಿನ್ನೂ ಬಂದಿಲ್ಲ.

ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ ಅವನು, "ಈ ಸಲ ಅಂಗ್ಡಿ ಎತ್ತಲೇಬೇಕು ಕಣಮ್ಮಿ. ಇಂಗೇ ಬುಟ್ರೆ ಆಗಕ್ಕಿಲ್ಲ" ಎಂದ.

ಸಾರು ಬಡಿಸುತ್ತಿದ್ದ ಲತಾಮಣಿಯ ಕೈ ನಿಂತಿತು. ಮಾವ ಕಟ್ಟಿದ ಅಂಗಡಿಯನ್ನು ಮುಚ್ಚುತ್ತಾನಂತೆ. ಯಾಕೆಂದು ಕೇಳಬಹುದಿತ್ತು. ಆದರೆ ಮನಸ್ಸು ಓದಬಲ್ಲ ಹೆಂಡತಿ ಬಾಯಿಬಿಟ್ಟು ಕೇಳಿದರೆ ಮರ್ಯಾದೆ ಉಳಿಯುವುದೆಲ್ಲಿ?

"ನಿಮ್ಗೆ ತಿಳಿದಂಗೆ ಮಾಡಿ" ಎಂದು ಮುಖ ಊದಿಸಿಕೊಂಡಳು.

ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಲೋಕೇಶ್‌ಗೆ ಖುಷಿಯೋ ಖುಷಿ. ಮುಖ ಊದಿದ್ದು ಅವನಿಗೆ ಕಾಣಲಿಲ್ಲ. ಅವನ ಗಮನ ತಟ್ಟೆಯ ಮೇಲಿತ್ತು. ಮರುದಿನ "ಯಾಪಾರ ಮಾತಾಡ್ಕೊಂಡು ಬತ್ತೀನಿ" ಎಂದು ತುಮಕೂರಿನ ಬಸ್ಸು ಹತ್ತಿದ. ಅಂಗಡಿ ಕೊಳ್ಳುವವನನ್ನು ಹುಡುಕಲು ಹೊರಟನೆಂದು ಲತಾಮಣಿ ಕಣ್ಣೊರೆಸಿಕೊಂಡು, ದುಃಖವನ್ನು ಪಕ್ಕದ ಮನೆಯ ನೂರ್ಜಹಾನ್ ಮುಂದೆ ತೋಡಿಕೊಂಡಳು. ನೂರ್ಜಹಾನಳ ತಮ್ಮ ಶರೀಫ್ ಮದುವೆಗಳಿಗೆ ಬಿರಿಯಾನಿ ಮಾಡಿಕೊಡುವವನು. ಸಂಜೆಗೆ ಬಾಗಿಲಲ್ಲಿ ಹಾಜರಾದ.

"ಅಕ್ಕಾ, ಹೆಂಗೂ ಅಂಗ್ಡಿ ಮುಚ್ತೀರಂತೆ. ಪಾತ್ರೆ ನಂಗೇ ಕೊಡಿ."

ಲತಾಮಣಿ ಗಂಡನಿಗೆ ಫೋನ್ ಮಾಡಿದಳು. "ಶರೀಫ್ ಬಂದವ್ನೆ. ಪಾತ್ರೆ ಎಲ್ಲಾ ಬೇಕಂತೆ. ಕೊಟ್ಬುಡಾದಾ?"

"ಕೇಳ್ದೋರ್ಗೆ ಕೊಡ್ದೆ ಪೂಜೆ ಮಾಡಕ್ಕೆ ಮಡಗಿದ್ದೀಯಾ? ಇದ್ನೂ ನನ್ನೇ ಕೇಳ್ಬೇಕಾ?"

ಕೊಟ್ಟುಬಿಟ್ಟಳು.

ಲೋಕೇಶ್ ಟೆಂಪೋ ತುಂಬ ಹೊಸ ಬಟ್ಟೆಯ ಶಾಮಿಯಾನ, ವಧೂವರರಿಗೆ ಸಿಂಹಾಸನದಂಥ ಎರಡು ಕುರ್ಚಿ ಹೇರಿಕೊಂಡು ಬಂದಿಳಿದ. ದಾರಿಯಲ್ಲೇ ಭಾನುವಾರದ ದೊಡ್ಡ ಬೀಗರೂಟವೊಂದನ್ನೂ ಒಪ್ಪಿಕೊಂಡಿದ್ದ. ಗೋಡೌನ್ ತೆರೆದರೆ ಒಂದು ಸೌಟೂ ಇಲ್ಲ.

"ಮಾರು ಅಂತ ನಾನ್ಯಾವಾಗಂದೆ? ಬಾಡ್ಗೆಗೆ ಕೇಳ್ತಾವ್ನೆ ಅನ್ಕೊಂಡೆ!"

"ಅಂಗ್ಡಿ ಎತ್ತಬೇಕು ಅಂದೋರ್ಯಾರು?"

"ಮೇಲಕ್ಕೆತ್ತಾದು ಕಣಮ್ಮಿ, ಮೇಲಕ್ಕೆ!" ಲೋಕೇಶ್ ಎರಡೂ ಕೈಯನ್ನು ತಲೆಯ ಮೇಲೆತ್ತಿ ತೋರಿಸಿದ.

"ಅದೊಂದ್ ಮಾತು ಅವತ್ತೇ ಆಡಿದ್ರೆ ನಿಮ್ಮ ಹಲ್ಲು ಉದುರೋಗ್ತಿತ್ತಾ?"

ಶರೀಫ್ ಒಳ್ಳೆಯವನು. ಅವರದೇ ಪಾತ್ರೆಗಳನ್ನು ಭಾನುವಾರಕ್ಕೆ ಅವರಿಗೇ ಬಾಡಿಗೆಗೆ ಕೊಟ್ಟ. "ತಳ ಸೀಯಿಸ್ಬೇಡಿ ಅಕ್ಕಾ, ಉಜ್ಜೋದು ಬಲು ಕಷ್ಟ" ಎಂದು ಬುದ್ಧಿಯನ್ನೂ ಹೇಳಿದ. ಮದುವೆಯಾಗಿ ಬಂದಾಗಿನಿಂದ ಅದೇ ತಳಗಳನ್ನು ಉಜ್ಜಿದ್ದ ಲತಾಮಣಿ ತಲೆಯಾಡಿಸಿ ಕೇಳಿಸಿಕೊಂಡಳು.

ಊಟ ಮುಗಿದ ಮೇಲೆ ಶರೀಫ್‌ನ ಆಳುಗಳು ಪಾತ್ರೆ ಹೊತ್ತುಕೊಂಡು ಹೋದರು. ಲತಾಮಣಿ ವಧುವಿನ ಸಿಂಹಾಸನದಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡಳು. ಬೀಗರೂಟದ ದಿನ ಅವಳು ಹೀಗೆ ಕೂತದ್ದು ಅದೇ ಮೊದಲು.

"ನಾಳೆ ಹೋಗಿ ಪಾತ್ರೆ ವಾಪಸ್ ಕೇಳ್ತೀನಿ" ಎಂದ ಲೋಕೇಶ್.

"ಬ್ಯಾಡ" ಎಂದಳು. ಇದರಲ್ಲಿ ಎರಡರ್ಥಕ್ಕೆ ಜಾಗವಿರಲಿಲ್ಲ.

ಈಗ ಶಾಮಿಯಾನ ಇವರದು, ಪಾತ್ರೆ ಶರೀಫನದು. ಗಿರಾಕಿಗಳನ್ನು ಪರಸ್ಪರ ಕಳಿಸಿಕೊಳ್ಳುತ್ತಾರೆ. ಬುಕಿಂಗ್ ಲತಾಮಣಿ ನೋಡಿಕೊಳ್ಳುತ್ತಾಳೆ. ಪಾತ್ರೆಯ ತಲೆನೋವು ಕಳೆದುಕೊಂಡದ್ದು ತನ್ನದೇ ದೂರಾಲೋಚನೆ ಎಂದು ಲೋಕೇಶ್ ಟೀ ಅಂಗಡಿಯಲ್ಲಿ ಕೂತು ವಿವರವಾಗಿ ಹೇಳುತ್ತಾನೆ. ಲತಾಮಣಿಗೂ ಅದು ಕೇಳಿಸಿದೆ. ಹೇಳಿಕೊಳ್ಳಲಿ ಎಂದು ಬಿಟ್ಟಿದ್ದಾಳೆ.